ಹಳೆಯ ಸರಕು ವಾಹನದ ಪ್ರೊಪೆಲರ್ ಶಾಫ್ಟ್: ದೋಷ, ದುರಸ್ತಿ ಮತ್ತು ಲೆಕ್ಕ

ಇಂಡಿಯ ನಿಂಬೆ, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ ಇವುಗಳಿಗೆ ಬೆಲೆ ಬರುವುದು ಅವು ಸಕಾಲಕ್ಕೆ ಪೇಟೆಯನ್ನು ಮುಟ್ಟಿದಾಗ ಮಾತ್ರ. ಸೋಲಾಪುರ–ಗದಗ ರೈಲು ಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿದ್ದರೂ ಈ ನಾಲ್ಕು ತಾಲೂಕುಗಳ ಸರಕಿನ ಬಹುಪಾಲು ಸಾಗುವುದು ರಸ್ತೆಯ ಮೇಲೆಯೇ. ಅನೇಕ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಈ ಕೆಲಸಕ್ಕೆ ಹತ್ತು ಹನ್ನೆರಡು ವರ್ಷಗಳ ಹಿಂದಿನ ಲಾರಿಯನ್ನು ಇಟ್ಟುಕೊಂಡಿರುತ್ತಾರೆ. ಸಾಲ ತೀರಿದ, ಸವಕಳಿ ಕಳೆದು ಪುಸ್ತಕದಲ್ಲಿ ಅಲ್ಪ ಮೌಲ್ಯ ಉಳಿದ ಇಂಥ ವಾಹನ ಲಾಭದಾಯಕವೆಂಬುದು ಸಾಮಾನ್ಯ ನಂಬಿಕೆ. ಅದು ಕೆಟ್ಟು ನಿಲ್ಲದಿರುವವರೆಗೆ ಆ ನಂಬಿಕೆ ನಿಜವೂ ಹೌದು.

ಹಳೆಯ ವಾಹನದಲ್ಲಿ ಎಂಜಿನ್ನಿಗೂ ಟಾಯರಿಗೂ ಸಿಗುವ ಗಮನ ಅವೆರಡರ ನಡುವೆ ಶಕ್ತಿಯನ್ನು ಒಯ್ಯುವ ಪ್ರೊಪೆಲರ್ ಶಾಫ್ಟಿಗೆ ಸಿಗುವುದಿಲ್ಲ. ಅದು ಚಾಸಿಯ ಕೆಳಗೆ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ದೋಷ ಆರಂಭವಾದಾಗ ಸಣ್ಣ ಸದ್ದು ಮಾಡುತ್ತದೆ. ಆ ಸದ್ದಿಗೆ ಚಾಲಕನ ಕಿವಿ ಒಗ್ಗಿಹೋಗುತ್ತದೆ. ಈ ಶಾಫ್ಟಿನ ದೋಷಗಳು ಯಾವುವು, ಅವುಗಳ ಕಾರಣವನ್ನು ಹೇಗೆ ಗುರುತಿಸಬೇಕು, ದುರಸ್ತಿಗೆ ತಗಲುವ ವೆಚ್ಚವನ್ನು ಹೇಗೆ ಅಳೆಯಬೇಕು ಮತ್ತು ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೆಸರಿನ ಮೂಲ

ಪ್ರೊಪೆಲರ್ ಎಂದರೆ ಹಡಗಿನ ಹಿಂಭಾಗದಲ್ಲಿ ನೀರಿನೊಳಗೆ ತಿರುಗುವ ಪಂಖ. ಎಂಜಿನ್ನಿನಿಂದ ಆ ಪಂಖದವರೆಗೆ ಹೋಗುವ ಉಕ್ಕಿನ ದಂಡವೇ ಮೂಲದ ಪ್ರೊಪೆಲರ್ ಶಾಫ್ಟ್. ಮೋಟಾರು ವಾಹನದಲ್ಲಿ ಪಂಖವಿಲ್ಲ. ಆದರೂ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ನ ಡಿಫರೆನ್ಶಿಯಲ್‌ಗೆ ಶಕ್ತಿಯನ್ನು ಒಯ್ಯುವ ದಂಡಕ್ಕೆ ಅದೇ ಹೆಸರು ಉಳಿಯಿತು.

ಹಳೆಯ ದೋಣಿಯ ಶಾಫ್ಟ್ ದುರಸ್ತಿಯಲ್ಲಿ ಲಾರಿ ಮಾಲೀಕರಿಗೂ ಒಂದು ಪಾಠವಿದೆ. ಹಾಯಿದೋಣಿಯ ಸಹಾಯಕ ಎಂಜಿನ್ ಇರಲಿ, ಮಲ್ಪೆ ಮಂಗಳೂರುಗಳ ಮೀನುಗಾರಿಕಾ ದೋಣಿಯ ಎಂಜಿನ್ ಇರಲಿ, ಶಾಫ್ಟ್ ದೋಣಿಯ ತಳವನ್ನು ದಾಟಿ ಹೊರಗೆ ಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಇರುತ್ತದೆ. ಅದರಾಚೆ ನೀರಿನಿಂದಲೇ ತಂಪಾಗುವ ರಬ್ಬರ್ ಬೇರಿಂಗ್ ಇರುತ್ತದೆ. ಎಂಜಿನ್ ಕೂತಿರುವ ರಬ್ಬರ್ ಗಟ್ಟಿಗಳು ಕುಸಿದು ಎಂಜಿನ್ನೂ ಶಾಫ್ಟೂ ಒಂದೇ ಸಾಲಿನಲ್ಲಿ ಇಲ್ಲದಂತಾದರೆ ಬೇರಿಂಗ್ ಬೇಗ ಸವೆಯುತ್ತದೆ, ಪ್ಯಾಕಿಂಗ್ ಸೋರುತ್ತದೆ. ಆಗ ಬೇರಿಂಗನ್ನು ಮಾತ್ರ ಬದಲಿಸಿದರೆ ಸ್ವಲ್ಪ ಕಾಲದಲ್ಲಿ ಅದೂ ಸವೆಯುತ್ತದೆ. ಸವೆದ ಭಾಗವನ್ನು ಬದಲಿಸುವುದು ಒಂದು ಕೆಲಸ, ಅದು ಸವೆದದ್ದೇಕೆ ಎಂದು ಹುಡುಕುವುದು ಇನ್ನೊಂದು. ಈ ವ್ಯತ್ಯಾಸ ನೀರಿನ ಮೇಲೆ ಎಷ್ಟು ನಿಜವೋ ರಾಷ್ಟ್ರೀಯ ಹೆದ್ದಾರಿ 50ರ ಮೇಲೂ ಅಷ್ಟೇ ನಿಜ.

ರಚನೆ ಮತ್ತು ಕೆಲಸ

ಲಾರಿಯ ಗೇರ್ ಬಾಕ್ಸ್ ಚಾಸಿಗೆ ಬಿಗಿದಿರುತ್ತದೆ. ಹಿಂದಿನ ಆಕ್ಸಲ್ ಸ್ಪ್ರಿಂಗ್ ಪಾಟಾಗಳ ಮೇಲೆ ಏರಿಳಿಯುತ್ತಿರುತ್ತದೆ. ಹೀಗೆ ಒಂದು ತುದಿ ಸ್ಥಿರವಾಗಿ, ಇನ್ನೊಂದು ತುದಿ ಚಲಿಸುತ್ತಿರುವಾಗ ನಡುವಿನ ದಂಡ ತಿರುಗುತ್ತಲೇ ಬಾಗಬೇಕು, ಅಗತ್ಯವಿದ್ದಷ್ಟು ಉದ್ದವಾಗಬೇಕು ಅಥವಾ ಗಿಡ್ಡವಾಗಬೇಕು. ಬಾಗುವ ಕೆಲಸವನ್ನು ಮಾಡುವುದು ಯೂನಿವರ್ಸಲ್ ಜಾಯಿಂಟ್. ಎರಡು ಕವಲುಗಳ ಯೋಕ್‌ಗಳ ನಡುವೆ ಕೂಡಿಸುವ ಗುಣಾಕಾರ ಚಿಹ್ನೆಯಂಥ ತುಂಡನ್ನು ಗ್ಯಾರೇಜಿನ ಮಾತಿನಲ್ಲಿ ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕು ತುದಿಗಳಿಗೂ ಸೂಜಿಯಂಥ ತೆಳುವಾದ ರೋಲರುಗಳಿರುವ ಬೇರಿಂಗ್ ಕಪ್ಪುಗಳಿರುತ್ತವೆ. ಉದ್ದ ಹೆಚ್ಚು ಕಡಿಮೆಯಾಗುವ ಕೆಲಸ ಸ್ಲಿಪ್ ಜಾಯಿಂಟಿನದು. ಅದರಲ್ಲಿ ಹಲ್ಲುಗಳಿರುವ ಸ್ಪ್ಲೈನ್ ಒಳಗೆ ಹೊರಗೆ ಜಾರುತ್ತದೆ. ಉದ್ದನೆಯ ವಾಹನದಲ್ಲಿ ಒಂದೇ ದಂಡವಿದ್ದರೆ ವೇಗ ಹೆಚ್ಚಿದಾಗ ಅದು ಹಗ್ಗದಂತೆ ಬಾಗಿ ಬೀಸುವ ಅಪಾಯವಿದೆ. ಆದ್ದರಿಂದ ಅದನ್ನು ಎರಡು ಅಥವಾ ಮೂರು ತುಂಡುಗಳಾಗಿ ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಡಲಾಗಿರುತ್ತದೆ.

ಈ ಜಾಯಿಂಟಿನ ಕಲ್ಪನೆ ಹಳೆಯದು. 16ನೆಯ ಶತಮಾನದ ಇಟಲಿಯ ಕಾರ್ಡಾನೋ ಮತ್ತು 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳು ಇದಕ್ಕೆ ಅಂಟಿಕೊಂಡಿವೆ. ಮೋಟಾರು ವಾಹನಕ್ಕೆ ತಕ್ಕಂತೆ ಇದನ್ನು ರೂಪಿಸಿ 1904ರಿಂದ ತಯಾರಿಕೆಗೆ ತೊಡಗಿದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್.

ಈ ಜಾಯಿಂಟಿಗೆ ಒಂದು ಸ್ವಭಾವವಿದೆ. ಓರೆಯಾಗಿ ತಿರುಗುವಾಗ ಒಂದು ಬದಿಯ ವೇಗ ಸಮನಾಗಿದ್ದರೂ ಇನ್ನೊಂದು ಬದಿಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಹೆಚ್ಚಿ ಎರಡು ಸಲ ಕಡಿಮೆಯಾಗುತ್ತದೆ. ಓರೆ 10 ಡಿಗ್ರಿಯಿದ್ದರೆ ಈ ಏರಿಳಿತ ಎರಡೂ ಕಡೆಗೆ ಸುಮಾರು ಶೇ. 1.5. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ನೇರದಲ್ಲಿದ್ದು, ಎರಡೂ ಕಡೆಯ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸ್ಲಿಪ್ ಜಾಯಿಂಟನ್ನು ಬಿಚ್ಚಿ ಮರಳಿ ಕೂಡಿಸುವಾಗ ಒಂದೆರಡು ಹಲ್ಲು ತಪ್ಪಿದರೆ ಸಾಕು, ಈ ಹೊಂದಾಣಿಕೆ ಕೆಡುತ್ತದೆ. ಹೊಸ ಕ್ರಾಸ್ ಹಾಕಿಸಿದ ಮರುದಿನವೇ ವಾಹನ ನಡುಗತೊಡಗಿದರೆ ಇದು ಮೊದಲು ಪರೀಕ್ಷಿಸಬೇಕಾದ ಸಂಗತಿ.

ದೋಷದ ಲಕ್ಷಣಗಳು

ಶಾಫ್ಟ್ ಮುರಿಯುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಪ್ರತಿಯೊಂದು ಸೂಚನೆಗೂ ಬೇರೆ ಬೇರೆ ಅರ್ಥವಿದೆ.

1. ನಿಧಾನ ವೇಗದಲ್ಲಿ ಹಕ್ಕಿ ಕೂಗಿದಂತೆ ಕಿರ್ ಕಿರ್ ಸದ್ದು. ಕ್ರಾಸಿನ ಬೇರಿಂಗ್ ಕಪ್ಪಿನಲ್ಲಿ ಗ್ರೀಸ್ ಒಣಗಿದೆ ಎಂದರ್ಥ. ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಸೂಜಿ ರೋಲರುಗಳು ಸವೆಯತೊಡಗಿವೆ ಎಂದು ತಿಳಿಯಬೇಕು. ಆಗ ಗ್ರೀಸ್ ತುಂಬಿದರೆ ಸದ್ದು ನಿಲ್ಲಬಹುದು. ಸವೆದದ್ದು ಮರಳಿ ಬರುವುದಿಲ್ಲ.

2. ಕ್ಲಚ್ ಬಿಟ್ಟಾಗ ಅಥವಾ ಗೇರ್ ಬದಲಿಸಿದಾಗ ಟಕ್ ಎಂಬ ಬಡಿತ. ಕ್ರಾಸಿನಲ್ಲಿ, ಸ್ಪ್ಲೈನಿನಲ್ಲಿ ಅಥವಾ ಫ್ಲ್ಯಾಂಜಿನ ಬೋಲ್ಟುಗಳಲ್ಲಿ ಸಡಿಲವಿದೆ. ಡಿಫರೆನ್ಶಿಯಲ್‌ನ ಹಲ್ಲುಗಳ ಸಡಿಲದಿಂದಲೂ ಇದೇ ಸದ್ದು ಬರುವುದರಿಂದ ಎರಡನ್ನೂ ಪರೀಕ್ಷಿಸುವುದು ಅವಶ್ಯ.

3. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ. ದಂಡದ ಕೊಳವೆ ಬಾಗಿರಬಹುದು, ತೂಕ ಸರಿದೂಗಿಸಲು ಅಂಟಿಸಿದ ಉಕ್ಕಿನ ಬಿಲ್ಲೆ ಬಿದ್ದುಹೋಗಿರಬಹುದು ಅಥವಾ ಯೋಕ್‌ಗಳ ನೇರ ತಪ್ಪಿರಬಹುದು. ಮಳೆಗಾಲದಲ್ಲಿ ಕೊಳವೆಯ ಒಂದು ಬದಿಗೆ ಎರೆಮಣ್ಣು ಮೆತ್ತಿಕೊಂಡು ಒಣಗಿದರೂ ನಡುಕ ಬರುತ್ತದೆ. ಇದಕ್ಕೆ ನೀರು ಹೊಡೆದು ತೊಳೆಯುವುದೇ ಮೊದಲ ಔಷಧ.

4. ಭಾರ ತುಂಬಿ ಹೊರಡುವಾಗ ಮಾತ್ರ ಅದುರುವಿಕೆ. ಸೆಂಟರ್ ಬೇರಿಂಗನ್ನು ಹಿಡಿದಿರುವ ರಬ್ಬರ್ ಹರಿದಿರಬಹುದು. ಹೆಚ್ಚುವರಿ ಪಾಟಾ ಸೇರಿಸಿದ್ದರಿಂದ ಶಾಫ್ಟಿನ ಓರೆ ಬದಲಾಗಿರಲೂಬಹುದು.

5. ವೇಗದೊಂದಿಗೆ ಏರುವ ಗುಂಯ್ ಎಂಬ ನಾದ. ಸೆಂಟರ್ ಬೇರಿಂಗಿನ ಗುಂಡುಗಳು ಸವೆದಿರುವ ಸಂಭವ ಹೆಚ್ಚು.

ನಡುಕವನ್ನು ಕಡೆಗಣಿಸುವುದು ಏಕೆ ಅಪಾಯಕರವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕೇಂದ್ರದಿಂದ 60 ಮಿಲಿಮೀಟರ್ ದೂರದಲ್ಲಿ ಕೇವಲ 30 ಗ್ರಾಂ ತೂಕ ಹೆಚ್ಚಾಗಿದೆ ಎಂದಿಟ್ಟುಕೊಂಡರೆ, ನಿಮಿಷಕ್ಕೆ 1,000 ಸುತ್ತಿನ ವೇಗದಲ್ಲಿ ಅದು ಶಾಫ್ಟನ್ನು ಸುಮಾರು 2 ಕಿಲೋ ಭಾರದಷ್ಟು ಬಲದಿಂದ ಹೊರಗೆಳೆಯುತ್ತದೆ. ವೇಗ ಇಮ್ಮಡಿಯಾಗಿ 2,000 ಸುತ್ತಾದರೆ ಬಲ ನಾಲ್ಕು ಪಟ್ಟಾಗಿ ಸುಮಾರು 8 ಕಿಲೋ ಆಗುತ್ತದೆ. ಈ ಎಳೆತದ ದಿಕ್ಕು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸಲ ಸುತ್ತುತ್ತಿರುತ್ತದೆ. ಸೆಂಟರ್ ಬೇರಿಂಗ್, ಗೇರ್ ಬಾಕ್ಸಿನ ಹಿಂದಿನ ಸೀಲ್ ಮತ್ತು ಡಿಫರೆನ್ಶಿಯಲ್‌ನ ಮುಂದಿನ ಬೇರಿಂಗ್ ಈ ಹೊಡೆತವನ್ನು ತಿನ್ನುತ್ತಲೇ ಇರಬೇಕಾಗುತ್ತದೆ. ಶಾಫ್ಟಿನಲ್ಲಿ ಉಳಿಸಿದ ಹಣ ಗೇರ್ ಬಾಕ್ಸಿನಲ್ಲಿ ಹೋಗುವುದು ಹೀಗೆ.

ಕಾರಣಗಳು

ಈ ಭಾಗದಲ್ಲಿ ಶಾಫ್ಟ್ ಬೇಗ ಕೆಡಲು ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಗ್ರೀಸಿನ ಕೊರತೆ. ತಯಾರಕರು ಹೇಳಿದ ಅವಧಿ ಸಾಧಾರಣ ರಸ್ತೆಗೆ ಅನ್ವಯಿಸುತ್ತದೆ; ಧೂಳು, ಕೆಸರುಗಳಲ್ಲಿ ಓಡುವ ವಾಹನಕ್ಕೆ ಅದಕ್ಕಿಂತ ಬೇಗ ಗ್ರೀಸ್ ಬೇಕು. ಗ್ರೀಸ್ ಗನ್ ಒತ್ತಿದಾಗ ಕ್ರಾಸಿನ ನಾಲ್ಕೂ ತುದಿಗಳಿಂದ ಹೊಸ ಗ್ರೀಸ್ ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಆ ಒಂದು ಕಪ್ಪು ಒಣಗಿಯೇ ಇದೆ. ಇಡೀ ಕ್ರಾಸಿನ ಆಯುಷ್ಯ ಆ ಒಂದು ಕಪ್ಪಿನ ಆಯುಷ್ಯದಷ್ಟೇ.

ಎರಡನೆಯದು ಮಿತಿಮೀರಿದ ಭಾರ. ಒಂದನೇ ಗೇರಿನ ಅನುಪಾತ 7 ಎಂದಿಟ್ಟುಕೊಂಡರೆ ಎಂಜಿನ್ನಿನ ತಿರುಚು ಬಲ ಏಳು ಪಟ್ಟಾಗಿ ಶಾಫ್ಟಿನ ಮೇಲೆ ಬೀಳುತ್ತದೆ. ಖಾಲಿ ಲಾರಿಯಲ್ಲಿ ಬಲ ಮಿತಿಮೀರಿದರೆ ಟಾಯರು ಜಾರಿ ಶಾಫ್ಟ್ ಪಾರಾಗುತ್ತದೆ. ಭಾರ ಹೆಚ್ಚಿದ್ದಾಗ ಟಾಯರು ನೆಲವನ್ನು ಬಿಡುವುದಿಲ್ಲ; ಪೂರ್ಣ ಬಲ ಕ್ರಾಸಿನ ಮೇಲೆಯೇ ಬೀಳುತ್ತದೆ.

ಮೂರನೆಯದು ಹೊಡೆತ. ಎರೆಹೊಲದ ಕೆಸರಿನಲ್ಲಿ ಸಿಕ್ಕಿಕೊಂಡ ವಾಹನವನ್ನು ಹೊರತೆಗೆಯಲು ಎಂಜಿನ್ ಜೋರು ಮಾಡಿ ಕ್ಲಚ್ಚನ್ನು ಒಮ್ಮೆಲೇ ಬಿಡುವ ರೂಢಿಯಿದೆ. ಜಾರುತ್ತಿದ್ದ ಚಕ್ರಕ್ಕೆ ಹಠಾತ್ತನೆ ಗಟ್ಟಿ ನೆಲ ಸಿಕ್ಕಿದ ಕ್ಷಣದಲ್ಲಿ ಬೀಳುವ ತಿರುಚು ಸಾಮಾನ್ಯ ಓಟದ ತಿರುಚಿಗಿಂತ ಬಹಳ ಹೆಚ್ಚಿನದು. ಕೊಳವೆಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುವುದು ಸಾಮಾನ್ಯವಾಗಿ ಇಂಥ ಕ್ಷಣದಲ್ಲಿಯೇ. ಅದು ಮುರಿಯುವುದು ತಿಂಗಳುಗಳ ನಂತರ, ಬೇರೆಲ್ಲೋ.

ನಾಲ್ಕನೆಯದು ಸುತ್ತಿಕೊಂಡ ಕಸ. ಕಬ್ಬಿನ ರವದಿ, ಸುತಳಿ, ಚೀಲದ ದಾರ ಜಾಯಿಂಟಿನ ಸುತ್ತ ಸುತ್ತಿಕೊಂಡು ಸೀಲನ್ನು ಕತ್ತರಿಸುತ್ತವೆ. ಸೀಲ್ ಹೋದ ಮೇಲೆ ಗ್ರೀಸ್ ಹೊರಗೆ, ಧೂಳು ಒಳಗೆ.

ದುರಸ್ತಿಯ ಕ್ರಮ

ಪರೀಕ್ಷೆಗೆ ಮೊದಲು ವಾಹನ ಸಮತಟ್ಟಾದ ನೆಲದಲ್ಲಿರಬೇಕು ಮತ್ತು ಚಕ್ರಗಳಿಗೆ ಎರಡೂ ಕಡೆ ಗಟ್ಟಿಯಾದ ಅಡ್ಡಗಟ್ಟಿಗಳನ್ನು ಇಟ್ಟಿರಬೇಕು. ಶಾಫ್ಟನ್ನು ಬಿಚ್ಚಿದ ಲಾರಿಯನ್ನು ಗೇರಿನಲ್ಲಿಟ್ಟರೂ ಅದು ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್ನಿಗೂ ಚಕ್ರಕ್ಕೂ ಆಗ ಸಂಬಂಧವೇ ಇರುವುದಿಲ್ಲ. ಕೆಲವು ಹಳೆಯ ವಾಹನಗಳಲ್ಲಿ ಕೈಬ್ರೇಕ್ ಗೇರ್ ಬಾಕ್ಸಿನ ಹಿಂದೆ ಇರುವುದರಿಂದ ಅದೂ ಉಪಯೋಗಕ್ಕೆ ಬಾರದು. ವಾಹನದ ಅಡಿಯಲ್ಲಿ ಮಲಗಿ ಕೆಲಸ ಮಾಡುವವನ ಜೀವ ಆ ಅಡ್ಡಗಟ್ಟಿಗಳನ್ನೇ ನಂಬಿರುತ್ತದೆ.

ಬಿಚ್ಚುವ ಮುನ್ನ ಎರಡೂ ಫ್ಲ್ಯಾಂಜುಗಳ ಮೇಲೆ ಮತ್ತು ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳ ಮೇಲೆ ನೇರವಾಗಿ ಗುರುತು ಹಾಕಬೇಕು. ತಯಾರಕರು ಹಾಕಿದ ಬಾಣದ ಗುರುತು ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಉಜ್ಜಿ ನೋಡಬೇಕು. ಕ್ರಾಸನ್ನು ತೆಗೆದ ಮೇಲೆ ಯೋಕ್‌ನ ರಂಧ್ರಗಳನ್ನು ಪರೀಕ್ಷಿಸಬೇಕು. ರಂಧ್ರ ಅಗಲವಾಗಿ ಹೊಸ ಕಪ್ಪು ಕೈಯಿಂದಲೇ ಜಾರಿ ಕೂರುವಂತಿದ್ದರೆ ಆ ಯೋಕ್ ಮುಗಿದಂತೆ. ಅಲ್ಲಿ ತೆಳುವಾದ ತಗಡು ತುರುಕಿ ಬಿಗಿ ಮಾಡುವುದು ದುರಸ್ತಿಯಲ್ಲ, ಮುಂದೂಡಿಕೆ. ಸ್ಪ್ಲೈನಿನ ಹಲ್ಲುಗಳಲ್ಲಿ ಮೆಟ್ಟಿಲಿನಂತೆ ಸವೆತ ಕಂಡರೆ ಅದಕ್ಕೂ ಇದೇ ಮಾತು.

ಕೊಳವೆ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಲೇತ್ ಅಂಗಡಿಯ ಕೆಲಸ ಬೇಕಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬಿರುಕಿನ ಮೇಲೆ ಬೆಸುಗೆ ಹಾಕಿ ಹಾಗೆಯೇ ಜೋಡಿಸಿಬಿಡುವುದು. ಬೆಸುಗೆಯ ಶಾಖದಿಂದ ಕೊಳವೆ ಎಳೆದುಕೊಂಡು ಓರೆಯಾಗುತ್ತದೆ. ಬೆಸುಗೆಯ ನಂತರ ಲೇತಿನ ಮೇಲೆ ತಿರುಗಿಸಿ, ಡಯಲ್ ಗೇಜಿನಿಂದ ಓಟ ನೋಡಿ, ನೇರ ಮಾಡಿ, ಕೊನೆಗೆ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತೂಕ ಸರಿದೂಗಿಸಬೇಕು. ಆ ಯಂತ್ರ ತಾಲೂಕಿನಲ್ಲಿ ಇಲ್ಲದಿದ್ದರೆ ಶಾಫ್ಟನ್ನು ದೊಡ್ಡ ಊರಿಗೆ ಕಳಿಸುವ ಒಂದು ದಿನದ ವಿಳಂಬವನ್ನು ಸಹಿಸುವುದೇ ಒಳ್ಳೆಯದು.

ಮರಳಿ ಜೋಡಿಸುವಾಗ ಫ್ಲ್ಯಾಂಜಿಗೆ ತಯಾರಕರು ಹೇಳಿದ ದರ್ಜೆಯ ಹೈ ಟೆನ್ಸೈಲ್ ಬೋಲ್ಟುಗಳನ್ನು ಮತ್ತು ಹೊಸ ಲಾಕ್ ನಟ್ಟುಗಳನ್ನೇ ಹಾಕಬೇಕು. ಪೇಟೆಯಲ್ಲಿ ಸಿಗುವ ಸಾಧಾರಣ ಬೋಲ್ಟು ನೋಡಲು ಹಾಗೆಯೇ ಇದ್ದರೂ ಆ ಬಲವನ್ನು ತಡೆಯುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಮುರಿದಾಗ ಆಗುವುದೇನು

ಹಿಂದಿನ ಜಾಯಿಂಟ್ ಬಿಟ್ಟುಕೊಂಡರೆ ಶಾಫ್ಟ್ ನೆಲಕ್ಕೆ ಉಜ್ಜುತ್ತ ಎಳೆಯಲ್ಪಡುತ್ತದೆ. ಮುಂದಿನ ಜಾಯಿಂಟ್ ಬಿಟ್ಟುಕೊಂಡರೆ ಶಾಫ್ಟಿನ ಮುಂತುದಿ ರಸ್ತೆಗೆ ನಾಟಿಕೊಂಡು ಓಡುತ್ತಿರುವ ವಾಹನದ ಹಿಂಭಾಗವನ್ನೇ ಎತ್ತುವ ಸಂಭವವಿದೆ. ತಿರುಗುತ್ತಲೇ ಬಡಿಯುವ ಶಾಫ್ಟ್ ಹತ್ತಿರದ ಗಾಳಿ ಬ್ರೇಕಿನ ಕೊಳವೆಗಳನ್ನು, ಡೀಸೆಲ್ ಟ್ಯಾಂಕನ್ನು ಹೊಡೆಯಬಹುದು. ಶಾಫ್ಟಿನ ಕೆಳಗೆ ಕೆಲವು ವಾಹನಗಳಲ್ಲಿ ಉಕ್ಕಿನ ಪಟ್ಟಿಯ ಬಳೆ ಇರುತ್ತದೆ. ಮುರಿದ ಶಾಫ್ಟ್ ನೆಲಕ್ಕೆ ಬೀಳದಂತೆ ಹಿಡಿಯಲೆಂದೇ ಅದನ್ನು ಕೊಟ್ಟಿರುತ್ತಾರೆ. ಗ್ರೀಸ್ ಹಾಕಲು ಅಡ್ಡಿಯೆಂದು ಅದನ್ನು ತೆಗೆದು ಗ್ಯಾರೇಜಿನ ಮೂಲೆಗೆ ಎಸೆಯುವುದು ತೀರ ಅವಿವೇಕದ ಕೆಲಸ.

ಸಣ್ಣ ಉತ್ಪಾದಕರು ಗಮನಿಸಬೇಕಾದ ಇನ್ನೊಂದು ಶಾಫ್ಟಿದೆ. ಟ್ರ್ಯಾಕ್ಟರಿನಿಂದ ರೋಟಾವೇಟರಿಗೂ ರಾಶಿ ಯಂತ್ರಕ್ಕೂ ಶಕ್ತಿ ಕೊಡುವ ಪಿ.ಟಿ.ಓ. ಶಾಫ್ಟಿನಲ್ಲಿಯೂ ಇದೇ ಕ್ರಾಸ್, ಇದೇ ಸ್ಲಿಪ್ ಜಾಯಿಂಟ್ ಇರುತ್ತವೆ. ಅದರ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಧೋತರದ ಚುಂಗೋ ಸೀರೆಯ ಸೆರಗೋ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಆ ಶಾಫ್ಟನ್ನು ದುರಸ್ತಿ ಮಾಡಿ ಕೊಡುವ ಕಾರ್ಯಾಗಾರದವರು ಅದರ ಪ್ಲಾಸ್ಟಿಕ್ ಕವಚವನ್ನು ಮರಳಿ ಹಾಕಿಯೇ ಕೊಡತಕ್ಕದ್ದು.

ದುರಸ್ತಿಯೋ, ಹೊಸದೋ

ಇನ್ನು ಲೆಕ್ಕದ ವಿಚಾರ. ಬಿಲ್ಲಿನ ಮೊತ್ತವನ್ನಷ್ಟೇ ನೋಡಿದರೆ ಅತಿ ಕಡಿಮೆ ದರದ ದುರಸ್ತಿಯೇ ಲಾಭದಾಯಕವೆನಿಸುತ್ತದೆ. ವಾಹನ ನಿಂತ ದಿನಗಳನ್ನೂ ಸೇರಿಸಿದರೆ ಚಿತ್ರ ಬದಲಾಗುತ್ತದೆ. ವರ್ಷಕ್ಕೆ 40,000 ಕಿಲೋಮೀಟರ್ ಓಡುವ, ನಿಂತರೆ ದಿನಕ್ಕೆ 4,000 ರೂಪಾಯಿ ನಷ್ಟವಾಗುವ ಒಂದು ಹಳೆಯ ಲಾರಿಯ ಕೊಳವೆ ತುಸು ಬಾಗಿದೆ ಎಂದು ಭಾವಿಸೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಓದುಗರು ತಮ್ಮ ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಮೊದಲ ದಾರಿ: ಸವೆದ ಕ್ರಾಸನ್ನು ಮಾತ್ರ ಬದಲಿಸುವುದು. ಬಿಲ್ಲು 2,500 ರೂ., ಒಂದು ದಿನದ ನಷ್ಟ 4,000 ರೂ., ಒಟ್ಟು 6,500 ರೂ. ಬಾಗಿದ ಕೊಳವೆ ಹಾಗೆಯೇ ಉಳಿದಿರುವುದರಿಂದ ಹೊಸ ಕ್ರಾಸ್ 8,000 ಕಿಲೋಮೀಟರಿಗೆ ಸವೆಯುತ್ತದೆ. ವರ್ಷಕ್ಕೆ ಐದು ಸಲ, ಅಂದರೆ 32,500 ರೂ.

ಎರಡನೆಯ ದಾರಿ: ಕೊಳವೆ ನೇರ ಮಾಡಿಸಿ, ಕ್ರಾಸ್ ಮತ್ತು ಸೆಂಟರ್ ಬೇರಿಂಗ್ ಬದಲಿಸಿ, ಬ್ಯಾಲೆನ್ಸ್ ಮಾಡಿಸುವುದು. ಬಿಲ್ಲು 14,000 ರೂ., ಮೂರು ದಿನದ ನಷ್ಟ 12,000 ರೂ., ಒಟ್ಟು 26,000 ರೂ. 80,000 ಕಿಲೋಮೀಟರ್ ಬಾಳಿದರೆ ವರ್ಷಕ್ಕೆ 13,000 ರೂ.

ಮೂರನೆಯ ದಾರಿ: ಪೂರ್ಣ ಹೊಸ ಶಾಫ್ಟ್. ಬಿಲ್ಲು 32,000 ರೂ., ಎರಡು ದಿನದ ನಷ್ಟ 8,000 ರೂ., ಒಟ್ಟು 40,000 ರೂ. 1,60,000 ಕಿಲೋಮೀಟರ್ ಬಾಳಿದರೆ ವರ್ಷಕ್ಕೆ 10,000 ರೂ.

ಬಿಲ್ಲಿನಲ್ಲಿ ಅತಿ ಅಗ್ಗವಾದದ್ದು ವರ್ಷದ ಲೆಕ್ಕದಲ್ಲಿ ಅತಿ ದುಬಾರಿಯಾಯಿತು. ಹಾಗೆಂದು ಎಲ್ಲರೂ ಹೊಸದನ್ನೇ ಕೊಳ್ಳಬೇಕೆಂದಲ್ಲ. ವಾಹನವನ್ನು ಎರಡು ವರ್ಷದಲ್ಲಿ ಮಾರುವ ಆಲೋಚನೆಯಿದ್ದರೆ ಮೂರನೆಯ ದಾರಿಯ ಉಳಿದೆರಡು ವರ್ಷಗಳ ಲಾಭ ಕೊಂಡವನಿಗೆ ಹೋಗುತ್ತದೆ. ಆಗ 26,000 ರೂಪಾಯಿಯ ಎರಡನೆಯ ದಾರಿಯೇ ಸರಿ. ಶಾಫ್ಟಿಗೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ನಿರ್ಧರಿಸುವುದು ವಾಹನದ ಉಳಿದ ಆಯುಷ್ಯ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕಾಗುವುದರಿಂದ ಈ ನಿರ್ಧಾರವನ್ನು ಆ ತಪಾಸಣೆಗೆ ಮುನ್ನ ಮಾಡುವುದು ಅನುಕೂಲಕರ.

ಆದಾಯ ತೆರಿಗೆಯ ದೃಷ್ಟಿ

ವ್ಯಾಪಾರಕ್ಕೆ ಬಳಸುವ ಯಂತ್ರೋಪಕರಣಗಳ ಚಾಲ್ತಿ ದುರಸ್ತಿಯ ವೆಚ್ಚವನ್ನು ಲಾಭದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮು ಅವಕಾಶ ಕೊಟ್ಟಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವ ಉಳಿದಿದೆ. ಬಂಡವಾಳ ಸ್ವರೂಪದ ವೆಚ್ಚ ಮಾತ್ರ ಚಾಲ್ತಿ ದುರಸ್ತಿಯಲ್ಲಿ ಸೇರುವುದಿಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ನೂಲಿನ ಗಿರಣಿಯ ರಿಂಗ್ ಫ್ರೇಮ್ ಸ್ವತಂತ್ರ ಯಂತ್ರವಾದ್ದರಿಂದ ಅದನ್ನು ಬದಲಿಸುವುದು ಚಾಲ್ತಿ ದುರಸ್ತಿಯಾಗದೆಂದು ಹೇಳಿತು. ಇರುವ ಆಸ್ತಿಯನ್ನು ಕಾಪಾಡುವುದು ದುರಸ್ತಿ, ಹೊಸ ಆಸ್ತಿಯನ್ನು ತರುವುದು ಬಂಡವಾಳ ಎಂಬುದೇ ಇದರ ಸಾರ. ಪ್ರೊಪೆಲರ್ ಶಾಫ್ಟ್ ತಾನಾಗಿ ಏನನ್ನೂ ಮಾಡಲಾರದು. ಅದು ಲಾರಿಯ ಒಂದು ಅಂಗ. ಆದ್ದರಿಂದ ಹಳೆಯದರ ಬದಲು ಅದೇ ಬಗೆಯ ಹೊಸ ಶಾಫ್ಟ್ ಹಾಕಿಸಿದರೂ ಆ ವೆಚ್ಚವನ್ನು ದುರಸ್ತಿ ಖಾತೆಗೆ ಹಾಕುವುದು ಸಮಂಜಸ. ಹಳೆಯ ಲಾರಿಯನ್ನು ಕೊಂಡ ಕೂಡಲೇ ಓಡಿಸುವ ಸ್ಥಿತಿಗೆ ತರಲು ಮಾಡಿದ ದುರಸ್ತಿಯ ಮಾತು ಬೇರೆ. ಅದು ಲಾರಿಯ ಖರೀದಿ ಬೆಲೆಗೆ ಸೇರುತ್ತದೆ.

ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಬಾಡಿಗೆ ಸಾಗಣೆದಾರರು ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಂಡಿದ್ದರೆ ದುರಸ್ತಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲಾಗದು. ಅಂಥವರಿಗೆ ತಪ್ಪಿದ ದುರಸ್ತಿಯ ಪೂರ್ಣ ಭಾರ ತಮ್ಮ ಕೈಯಿಂದಲೇ ಹೋಗುತ್ತದೆ.

ಪಾವತಿಯ ರೀತಿಯೂ ಮುಖ್ಯ. ಒಂದೇ ದಿನ ಒಬ್ಬನೇ ವ್ಯಕ್ತಿಗೆ 10,000 ರೂ. ಮೀರಿ ನಗದು ಕೊಟ್ಟ ವೆಚ್ಚ ಮಾನ್ಯವಾಗುವುದಿಲ್ಲ. ಗ್ಯಾರೇಜು ಅಥವಾ ಲೇತ್ ಕಾರ್ಯಾಗಾರ ಉದ್ಯಮ್ ನೋಂದಣಿ ಪಡೆದ ಅತಿ ಸಣ್ಣ ಅಥವಾ ಸಣ್ಣ ಘಟಕವಾಗಿದ್ದರೆ ಲಿಖಿತ ಒಪ್ಪಂದವಿಲ್ಲದಾಗ 15 ದಿನ, ಒಪ್ಪಂದವಿದ್ದರೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ಆ ಅವಧಿ ಮೀರಿದರೆ, ವಾಸ್ತವವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ವೆಚ್ಚ ಮಾನ್ಯವಾಗುತ್ತದೆ. ಮಾರ್ಚ್ ತಿಂಗಳ ಗ್ಯಾರೇಜ್ ಬಿಲ್ಲನ್ನು ಯುಗಾದಿಯ ನಂತರ ನೋಡೋಣವೆಂದು ಬಿಡುವ ರೂಢಿಯನ್ನು ವರ್ತಕರು ಈಗ ಕೈಬಿಡುವುದು ಒಳ್ಳೆಯದು.

ಜಿ.ಎಸ್.ಟಿ. ಮತ್ತು ವಿಮೆ

ಮೋಟಾರು ವಾಹನದ ಬಿಡಿಭಾಗಗಳ ಮೇಲಿದ್ದ ಶೇ. 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಸರಕು ಸಾಗಿಸುವ ವಾಹನದ ದುರಸ್ತಿಗೆ ಕೊಟ್ಟ ತೆರಿಗೆಯ ಮೇಲೆ ಹೂಡುವಳಿ ತೆರಿಗೆ ಜಮೆಗೆ ನಿರ್ಬಂಧವಿಲ್ಲ. ಆದರೆ ಆ ಜಮೆ ಎಲ್ಲರಿಗೂ ಸಿಗುವುದಿಲ್ಲ. ತಾಜಾ ನಿಂಬೆ, ಉಳ್ಳಾಗಡ್ಡಿಯಂಥ ತೆರಿಗೆ ವಿನಾಯಿತಿಯ ಸರಕನ್ನೇ ಮಾರುವ ವರ್ತಕರಿಗೆ ಅದು ದೊರೆಯದು. ತೆರಿಗೆಯ ಸರಕನ್ನೂ ಜೊತೆಗೆ ಮಾರುವವರಿಗೆ ಅದರ ಪ್ರಮಾಣದಷ್ಟು ಮಾತ್ರ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೂ, ಶೇ. 5ರ ದರವನ್ನು ಆಯ್ದುಕೊಂಡ ಸರಕು ಸಾಗಣೆ ಸಂಸ್ಥೆಗಳಿಗೂ ಜಮೆಯಿಲ್ಲ. ಅವರು ದುರಸ್ತಿಯ ವೆಚ್ಚವನ್ನು ತೆರಿಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ವಿಮೆಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಸಾಮಾನ್ಯ ಮೋಟಾರು ವಿಮಾ ಪತ್ರ ಸವೆತವನ್ನೂ ಯಾಂತ್ರಿಕ ಒಡೆತವನ್ನೂ ಭರಿಸುವುದಿಲ್ಲ. ದಾರಿಯಲ್ಲಿ ಮುರಿದ ಶಾಫ್ಟಿನ ಬೆಲೆ ಮಾಲೀಕನದೇ. ಭಾರ ಮಿತಿಮೀರಿದ್ದರೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯಂತೆ 20,000 ರೂ. ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಎರಡು ಟನ್ ಹೆಚ್ಚು ಹೇರಿ ಸಿಕ್ಕಿಬಿದ್ದರೆ ಆ ದಂಡ 24,000 ರೂ. ಮೇಲಿನ ಉದಾಹರಣೆಯ ಶಾಫ್ಟನ್ನು ಪೂರ್ಣವಾಗಿ ದುರಸ್ತಿ ಮಾಡಿಸಿದ ಬಿಲ್ಲಿಗಿಂತ ಇದು ಹೆಚ್ಚು.

ದಾಖಲೆಯ ಅಗತ್ಯ

ಪ್ರತಿ ವಾಹನಕ್ಕೆ ಒಂದು ಪುಸ್ತಕ ಇಟ್ಟು ಗ್ರೀಸ್ ಹಾಕಿದ ದಿನಾಂಕ, ಕಿಲೋಮೀಟರ್, ಬದಲಿಸಿದ ಭಾಗ, ಯಾವ ಜಾಯಿಂಟ್, ಬಿಲ್ಲಿನ ಸಂಖ್ಯೆ ಮತ್ತು ನಿಂತ ದಿನಗಳು ಇಷ್ಟನ್ನು ಬರೆದರೆ ಸಾಕು. ಒಂದೇ ಜಾಯಿಂಟಿನ ಕ್ರಾಸ್ ವರ್ಷದಲ್ಲಿ ಎರಡನೆಯ ಸಲ ಬದಲಾಗಿದೆ ಎಂದು ಆ ಪುಸ್ತಕ ತೋರಿಸಿದರೆ ದೋಷ ಕ್ರಾಸಿನದಲ್ಲ, ಬೇರೆ ಯಾವುದರದೋ ಎಂಬುದು ಮೆಕ್ಯಾನಿಕ್ ಹೇಳುವ ಮೊದಲೇ ಮಾಲೀಕನಿಗೆ ತಿಳಿಯುತ್ತದೆ. ದುರಸ್ತಿ ಖಾತೆಯ ಮೊತ್ತವನ್ನು ವರ್ಷದ ಕೊನೆಯಲ್ಲಿ ಕೂಡಿಸುವುದರಿಂದ ಈ ಸಂಗತಿ ತಿಳಿಯುವುದಿಲ್ಲ. ಇದೇ ಪುಸ್ತಕ ತೆರಿಗೆ ಅಧಿಕಾರಿಯ ಮುಂದೆ ದುರಸ್ತಿಯ ಸ್ವರೂಪಕ್ಕೂ, ವಾಹನ ಮಾರುವಾಗ ಅದರ ಸ್ಥಿತಿಗೂ ಸಾಕ್ಷಿಯಾಗುತ್ತದೆ.

ಚಾಲಕ ಸದ್ದು ಕೇಳಿಸಿತೆಂದು ಹೇಳಿದಾಗ ಈ ಬಾಡಿಗೆ ಮುಗಿಸಿ ಬಾ, ಆಮೇಲೆ ನೋಡೋಣ ಎಂದು ಕಳಿಸುವುದು ಸಾಮಾನ್ಯ. ನಿಂಬೆಯ ಚೀಲಗಳನ್ನು ಹೊತ್ತ ಲಾರಿ ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯ ಬದಿಯಲ್ಲಿ ನಿಂತರೆ ಸರಕು ಕೆಡುತ್ತದೆ, ಬಾಡಿಗೆ ಹೋಗುತ್ತದೆ, ಗಿರಾಕಿಯ ವಿಶ್ವಾಸ ಹೋಗುತ್ತದೆ. ಚಾಲಕ ಮತ್ತು ಕ್ಲೀನರರ ಜೀವಕ್ಕೂ ಅಪಾಯ ಒದಗಬಹುದು. ಸದ್ದು ಕೇಳಿದ ದಿನವೇ ವಾಹನವನ್ನು ನಿಲ್ಲಿಸಿ ಕಾರಣವನ್ನು ಹುಡುಕಿಸುವ ಮಾಲೀಕನಿಗೆ ಒಂದು ದಿನದ ನಷ್ಟವಾಗುತ್ತದೆ. ಆ ನಷ್ಟವನ್ನು ಹಳೆಯ ವಾಹನ ಇಟ್ಟುಕೊಂಡವರು ಆರಂಭದಲ್ಲಿಯೇ ತಮ್ಮ ಸಾಗಣೆ ವೆಚ್ಚದ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ವ್ಯವಹಾರ ಧರ್ಮಕ್ಕೂ ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತು.